ಹೊರಗೆ ಕೊರೆಯುವ ಮೊದಲು ಒಳಗೆ ಅಳೆಯಿರಿ

ಪ್ರಥಮ ಪಿಯುಸಿ ತರಗತಿಯಲ್ಲಿ ಸ್ಟ್ರೆಸ್ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ, "ಸರ್, ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ?" ಎಂದು ಕೇಳಿದ. ನನಗೆ ನೆನಪಾದದ್ದು, ನಾನೇ ಹಾಳು ಮಾಡಿದ ಒಂದು ಪೇಂಟ್‌ಬಾಲ್ ಮಾರ್ಕರ್.

ಬಣ್ಣದ ಗುಂಡು ಹಾರಿಸುವ ಈ ಸಾಧನಕ್ಕೆ 'ಗನ್' ಎನ್ನದೆ 'ಮಾರ್ಕರ್' ಎನ್ನಲು ಕಾರಣವಿದೆ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 12 ಮಂದಿ ಮೊದಲ ಆಟ ಆಡಿದಾಗ ಬಳಸಿದ್ದು ಮರಗಳಿಗೂ ದನಗಳಿಗೂ ಗುರುತು ಹಾಕುವ ನೆಲ್‌ಸ್ಪಾಟ್ ಉಪಕರಣವನ್ನು. ಮುಂದೆ ಆಟೋಕಾಕರ್‌ನಂಥ ಮಾದರಿಗಳು ಬಂದವು. ಅವುಗಳ ಬಾಡಿ ಒಂದೇ ಅಲ್ಯೂಮಿನಿಯಂ ತುಂಡು. ಒಂದರ ಮೇಲೊಂದು ಎರಡು ಉದ್ದ ಕೊಳವೆ ಕೊರೆದಿರುತ್ತದೆ. ಮೇಲಿನದರಲ್ಲಿ ಬೋಲ್ಟ್, ಕೆಳಗಿನದರಲ್ಲಿ ಹ್ಯಾಮರ್ ಮತ್ತು ವಾಲ್ವ್. ತೂಕ ಇಳಿಸಲು, ಅಂದಕ್ಕಾಗಿ, ಅಲ್ಲಿನ ಆಟಗಾರರು ಬಾಡಿಯ ಹೊರಮೈಯನ್ನು ಮಿಲ್ಲಿಂಗ್ ಮಾಡಿಸುತ್ತಿದ್ದರು.

ಪಾಠ ಹೇಳಲು ಬರುವ ಮುಂಚೆ ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿದ್ದೆ. ಆಟದ ಮೈದಾನ ನಡೆಸುವವರೊಬ್ಬರು ಹಳೆಯ ಮಾರ್ಕರ್ ತಂದು, ಪಕ್ಕಗಳಲ್ಲಿ ಗಾಡಿ ಹೊಡೆದುಕೊಡಿ ಎಂದರು. ಗ್ಯಾಸ್ ಸಿಲಿಂಡರ್ ತೆಗೆದು, ಒಳಗಿನದೆಲ್ಲ ಬಿಚ್ಚಿದೆ. ಹೊರ ಅಗಲದಲ್ಲಿ ಕೊಳವೆಯ ವ್ಯಾಸ ಕಳೆದು ಎರಡರಿಂದ ಭಾಗಿಸಿದೆ: ಗೋಡೆ 4 ಮಿ.ಮೀ. ಧೈರ್ಯವಾಗಿ 2.5 ಮಿ.ಮೀ. ತೆಗೆದೆ. ಕೊನೆಯ ಸುತ್ತಿನಲ್ಲಿ ಗಾಡಿಯ ತಳದಲ್ಲಿ ಒಂದು ಕಪ್ಪು ಗೆರೆ ಕಂಡಿತು. ಗೋಡೆಯೊಳಗೇ ಉದ್ದಕ್ಕೆ ಕೊರೆದಿದ್ದ ಗಾಳಿಯ ಸಣ್ಣ ತೂತು ತೆರೆದುಕೊಂಡಿತ್ತು. ಉಸ್ತಾದರು ನೋಡಿ, "ತಮ್ಮಾ, ದೊಡ್ಡ ತೂತು ಅಳೆದೆ, ಸಣ್ಣದನ್ನು ಯಾರು ಅಳೀಬೇಕು?" ಎಂದಷ್ಟೇ ಹೇಳಿದರು. ಬೇರೆ ಬಾಡಿ ತರಿಸಲು ನನ್ನ ಸಂಬಳದಲ್ಲೇ ಹಿಡಿದುಕೊಂಡರು, ಅದು ನ್ಯಾಯವೇ.

ಆಮೇಲೆ ಕಲಿತದ್ದು ಹೀಗೆ. ಪ್ರತಿ ತೂತಿಗೂ ತಂತಿ ಇಳಿಸಿ ಆಳ ನೋಡಬೇಕು, ಅಡ್ಡಕೊಯ್ತದ ಚಿತ್ರ ಬರೆಯಬೇಕು. ಥ್ರೆಡ್ ಇದ್ದಲ್ಲಿ ಗೋಡೆಯ ದಪ್ಪವನ್ನು ಥ್ರೆಡ್‌ನ ಹಳ್ಳದಿಂದ ಲೆಕ್ಕ ಹಾಕಬೇಕು. ವೈಸ್‌ನಲ್ಲಿ ಬಿಗಿಯುವ ಮೊದಲು ಕೊಳವೆಯೊಳಗೆ ಸರಿಯಾಗಿ ಕೂರುವ ಸರಳು ಹಾಕಬೇಕು. ಇಲ್ಲದಿದ್ದರೆ ತೆಳು ಗೋಡೆ ಅಮುಕಿಕೊಂಡು ಕೊಳವೆ ಮೊಟ್ಟೆಯಾಕಾರವಾಗುತ್ತದೆ, ಬೋಲ್ಟ್ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಕಟ್ಟರ್‌ಗೆ ಅಂಟುವ ಲೋಹ, ಸೀಮೆಎಣ್ಣೆ ಬಿಡುತ್ತಾ ಸ್ವಲ್ಪಸ್ವಲ್ಪವೇ ತೆಗೆಯಬೇಕು.

ಈಗ ಪಾಠಕ್ಕೆ ಬರೋಣ. ತೆಳು ಕೊಳವೆಯ ಗೋಡೆಯಲ್ಲಿನ ಸ್ಟ್ರೆಸ್ = ಒತ್ತಡ × ತ್ರಿಜ್ಯ ÷ ದಪ್ಪ. ಒತ್ತಡ 2 ಮೆಗಾಪ್ಯಾಸ್ಕಲ್, ತ್ರಿಜ್ಯ 9 ಮಿ.ಮೀ. ಎಂದುಕೊಳ್ಳಿ. ದಪ್ಪ 3 ಮಿ.ಮೀ. ಇದ್ದರೆ ಸ್ಟ್ರೆಸ್ 6, ದಪ್ಪ 1 ಮಿ.ಮೀ. ಆದರೆ 18 ಮೆಗಾಪ್ಯಾಸ್ಕಲ್. 6061-ಟಿ6 ಅಲ್ಯೂಮಿನಿಯಂ ಸುಮಾರು 270ರವರೆಗೆ ತಡೆಯುತ್ತದೆ. ಹಾಗಾದರೆ ಭಯವೇಕೆ? ಈ ಸೂತ್ರ ನುಣುಪು ಕೊಳವೆಗೆ ಮಾತ್ರ. ಚೂಪು ಮೂಲೆಯಲ್ಲಿ, ಥ್ರೆಡ್‌ನ ಹಳ್ಳದಲ್ಲಿ ಸ್ಟ್ರೆಸ್ ಹಲವು ಪಟ್ಟು ಏರುತ್ತದೆ, ಸಾವಿರಾರು ಬಾರಿ ಗಾಳಿ ತುಂಬಿ ಇಳಿದಾಗ ಬಿರುಕು ಹುಟ್ಟುವುದು ಅಲ್ಲೇ. ಅದಕ್ಕೇ ಗಾಡಿಯ ತಳ ದುಂಡಗಿರಬೇಕು.

ಸ್ಪ್ರಿಂಗು, ವಾಲ್ವುಗಳನ್ನು ಬದಲಿಸಿ ವೇಗ ಹೆಚ್ಚಿಸುವ ಆಸೆ ಬೇಡ. ಸೆಕೆಂಡಿಗೆ 91 ಮೀಟರ್ ವೇಗದಲ್ಲೇ 3 ಗ್ರಾಂ ಗುಂಡಿನ ಶಕ್ತಿ 12 ಜೂಲ್ ದಾಟುತ್ತದೆ. ಕಣ್ಣಿಗೆ ಅಷ್ಟು ಸಾಕು.

ನಾನು ಕೆಡಿಸಿದ ಬಾಡಿ ಭೌತಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿದೆ. ಮುಂದಿನ ಪ್ರಾಕ್ಟಿಕಲ್‌ನಲ್ಲಿ ವರ್ನಿಯರ್ ಹಿಡಿದು ಬನ್ನಿ, ಆ ತೂತಿನ ಪಕ್ಕ ಎಷ್ಟು ಗೋಡೆ ಉಳಿದಿದೆ ಎಂದು ನೀವೇ ಅಳೆದು ಹೇಳಿ.