ಸಾಕು ಇಗ್ವಾನಾದ ದೇಹಪರೀಕ್ಷೆ

ಮಹಾನಗರದ ಮನೆಗಳಲ್ಲಿ ನಾಯಿ ಬೆಕ್ಕುಗಳಂತೆ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿಯನ್ನು ಸಾಕುವವರೂ ಇದ್ದಾರೆ. ಈ ಮೂಕಪ್ರಾಣಿಯು ರೋಗ ಬಲಿಯುವವರೆಗೂ ಅದರ ಲಕ್ಷಣಗಳನ್ನು ಹೊರಗೆಡಹದು. ಆದ್ದರಿಂದ ಪಶುವೈದ್ಯರ ಪರೀಕ್ಷಾಕ್ರಮವನ್ನು ಸಾಕುವವರೂ ಅರಿತಿರುವುದು ಲೇಸು.

ವೈದ್ಯರು ಮೊದಲು ಪ್ರಾಣಿಯನ್ನು ಮುಟ್ಟುವುದಿಲ್ಲ. ಅದರ ನಿಲುವು, ನಡಿಗೆ, ಉಸಿರಾಟಗಳನ್ನು ದೂರದಿಂದಲೇ ಗಮನಿಸಿ, ಆಹಾರ, ಶಾಖ, ಬೆಳಕುಗಳ ವಿವರ ಕೇಳುತ್ತಾರೆ. ಅನಂತರ ತೂಕ ನೋಡುತ್ತಾರೆ. ಎತ್ತುವಾಗ ಭುಜ ಮತ್ತು ಸೊಂಟಗಳಿಗೆ ಆಧಾರ ಕೊಡಬೇಕು. ಬಾಲವನ್ನು ಹಿಡಿದರೆ ಅದು ಕಳಚಿ ಬೀಳಬಹುದು. ಕಣ್ಣು, ಮೂಗು, ಬಾಯಿಗಳನ್ನು ಪರೀಕ್ಷಿಸಿ, ಕಳಚದೆ ಉಳಿದ ಪೊರೆಯು ಬೆರಳನ್ನು ಬಿಗಿದು ರಕ್ತಸಂಚಾರವನ್ನು ತಡೆದಿದೆಯೇ ಎಂದು ನೋಡುತ್ತಾರೆ.

ಮುಖ್ಯವಾದುದು ದವಡೆಯ ಪರೀಕ್ಷೆ. ಗಟ್ಟಿಯಾಗಿರಬೇಕಾದ ದವಡೆ ರಬ್ಬರಿನಂತೆ ಬಾಗಿದರೆ, ತೊಡೆಗಳು ಊದಿದ್ದರೆ, ಬೆರಳುಗಳು ನಡುಗುತ್ತಿದ್ದರೆ ಮೂಳೆ ಮೃದುವಾಗುವ ರೋಗವನ್ನು ಶಂಕಿಸಬೇಕು. ಊದಿದ ತೊಡೆಯನ್ನು ಕಂಡು ಮೈತುಂಬಿಕೊಂಡಿದೆಯೆಂದು ಹಿಗ್ಗುವವರುಂಟು! ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆ ಹಾಗೂ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಕಿರಣಗಳ ಅಭಾವ ಇದರ ಸಾಮಾನ್ಯ ಕಾರಣಗಳು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಗಾಜಿನ ಹಿಂದಿನ ಬಿಸಿಲು ಶಾಖ ನೀಡೀತು. ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಒದಗಿಸಲಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ಆರೋಗ್ಯವಾಗಿರುವ ಹಲ್ಲಿಯ ಮಲದಲ್ಲೂ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದು. ಮುಟ್ಟಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. 5 ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪ್ರಾಣಿ ತಕ್ಕುದಲ್ಲ. ನಮ್ಮ ನಾಡಿನ ಉಡವನ್ನು ಹಿಡಿದು ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.