ಕೆಲವು ನೀರು ಎನ್ನದ ಮಕ್ಕಳು

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಒಂದಲ್ಲ ಒಂದು ದಿನ ಈ ಪಾಠಕ್ಕೆ ಬಂದೇ ಬರುತ್ತಾರೆ: ಎಣಿಸಬಹುದಾದ ನಾಮಪದ, ಎಣಿಸಲಾಗದ ನಾಮಪದ. ಗೈಡುಗಳಲ್ಲಿ ಎರಡು ಪಟ್ಟಿ ಇರುತ್ತವೆ. ಒಂದರಲ್ಲಿ ಪೆನ್, ಬುಕ್, ಬಾಯ್. ಇನ್ನೊಂದರಲ್ಲಿ ವಾಟರ್, ಮಿಲ್ಕ್, ಶುಗರ್. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರುದಿನ ‘ಮೆನಿ ಫರ್ನಿಚರ್ಸ್’ ಎನ್ನುತ್ತಾರೆ. ನನ್ನ ತರಗತಿಗಳಲ್ಲಿ ಈ ಪಾಠ ಮಕ್ಕಳಿಗೆ ಹತ್ತಿದ್ದು ಪಟ್ಟಿಯಿಂದಲ್ಲ, ಕನ್ನಡದಿಂದ.

‘ಕೆಲವು ಪುಸ್ತಕ’ ಅನ್ನಬಹುದೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಕೆಲವು ನೀರು’? ಹಿಂದಿನ ಬೆಂಚಿನವರೂ ಒಪ್ಪುವುದಿಲ್ಲ. ಈ ನಿಯಮವನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಲವು, ಹಲವು ಎನ್ನುವುದು ಬಿಡಿಬಿಡಿಯಾಗಿ ಎಣಿಸುವ ವಸ್ತುಗಳಿಗೆ. ನೀರು, ಹಾಲು, ಮರಳಿಗೆ ಸ್ವಲ್ಪ. ತುಂಬಾ ಎಂಬುದು ಎರಡಕ್ಕೂ. ಇದು ಅವರ ನಾಲಗೆಗೆ ಮೊದಲೇ ಗೊತ್ತು. ಇಷ್ಟಾದ ಮೇಲೆ ‘ಮೆನಿ’, ‘ಫ್ಯೂ’ಗಳನ್ನು ಹಲವು, ಕೆಲವುಗಳ ಪಕ್ಕಕ್ಕೂ ‘ಲಿಟಲ್’ ಅನ್ನು ಸ್ವಲ್ಪದ ಪಕ್ಕಕ್ಕೂ ‘ಎ ಲಾಟ್ ಆಫ್’ ಅನ್ನು ತುಂಬಾದ ಪಕ್ಕಕ್ಕೂ ಬರೆದರೆ ಸಾಕು. ‘ಮಚ್’ ಮಾತ್ರ ತೊಡಕು. ಎಷ್ಟು ನೀರು, ಎಷ್ಟು ಪೆನ್ನು ಎಂದು ನಾವು ಒಂದೇ ಪದದಲ್ಲಿ ಎರಡನ್ನೂ ಕೇಳುತ್ತೇವಲ್ಲ, ‘ಹೌ ಮಚ್ ಪೆನ್ಸ್’ ಎಂಬ ತಪ್ಪು ಹುಟ್ಟುವುದೇ ಅಲ್ಲಿ. ಅದನ್ನು ಬೇರೆಯಾಗಿ ಕೂರಿಸಿಕೊಂಡು ಅಭ್ಯಾಸ ಮಾಡಿಸಬೇಕು.

‘ಎ ಫ್ಯೂ’ ಮತ್ತು ಬರಿಯ ‘ಫ್ಯೂ’ ನಡುವಿನ ವ್ಯತ್ಯಾಸವನ್ನು ವ್ಯಾಕರಣ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡದಲ್ಲಿ ಅದಕ್ಕೆ ಒಂದು ಅಕ್ಷರ ಸಾಕು. ‘ಕೆಲವರು ಬಂದರು’ ಎಂದರೆ ಬಂದರಲ್ಲ ಎಂಬ ಸಮಾಧಾನ. ‘ಕೆಲವರೇ ಬಂದರು’ ಎಂದರೆ ಹೆಚ್ಚು ಜನ ಬರಲಿಲ್ಲವೆಂಬ ಕೊರಗು. ಮೊದಲನೆಯದು ‘ಎ ಫ್ಯೂ’, ಎರಡನೆಯದು ‘ಫ್ಯೂ’. ಸ್ವಲ್ಪ ಹಾಲಿದೆ, ಸ್ವಲ್ಪವೇ ಹಾಲಿದೆ ಎಂಬಲ್ಲಿ ‘ಎ ಲಿಟಲ್’, ‘ಲಿಟಲ್’ಗಳ ಕಥೆಯೂ ಅದೇ.

ನಿಜವಾದ ಕಷ್ಟ ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್‌ಗಳದು. ಸಲಹೆ, ಮಾಹಿತಿಗಳನ್ನು ನಾವು ಸಲೀಸಾಗಿ ಎಣಿಸುತ್ತೇವೆ, ಕುರ್ಚಿ ಮೇಜುಗಳಂತೂ ಕಣ್ಣೆದುರೇ ಇವೆ. ‘ಎಣಿಸೋಕೆ ಆಗುತ್ತಲ್ಲ ಸಾರ್’ ಎಂದು ಮಕ್ಕಳು ವಾದಿಸುತ್ತಾರೆ. ವಾದ ನ್ಯಾಯವಾದದ್ದೇ. ಇಲ್ಲಿ ವಸ್ತುವನ್ನು ನೋಡಿ ತೀರ್ಮಾನಿಸಲು ಬರುವುದಿಲ್ಲ, ಆ ಭಾಷೆಯವರು ಅದನ್ನು ಬಿಡಿಯಾಗಿ ಕಂಡರೋ ರಾಶಿಯಾಗಿ ಕಂಡರೋ ಎಂಬುದಷ್ಟೇ ಮುಖ್ಯ. ಬಟಾಣಿಗೆ ಇಂಗ್ಲಿಷಿನಲ್ಲಿ ಮೊದಲಿದ್ದ ರೂಪ ‘ಪೀಸ್’. ಅಕ್ಕಿ ಎಂದಂತೆ ಅದನ್ನು ರಾಶಿಗೂ ಬಳಸುತ್ತಿದ್ದರು. ಕೊನೆಯ ‘ಸ್’ ಬಹುವಚನದ ಗುರುತೆಂದು ಜನ ಭಾವಿಸಿದ್ದರಿಂದ ಒಂದು ಕಾಳಿಗೆ ‘ಪೀ’ ಎಂಬ ಹೊಸ ಏಕವಚನ ಹುಟ್ಟಿತು. ಕಾಳು ಬದಲಾಗಲಿಲ್ಲ, ಎಣಿಕೆ ಬದಲಾಯಿತು. ನಮ್ಮ ಹೋಟೆಲುಗಳಲ್ಲೂ ಹೀಗೆಯೇ ಆಗಿದೆ. ಕಾಫಿ ಎಣಿಸಲಾಗದ ದ್ರವ, ಆದರೂ ‘ಎರಡು ಕಾಫಿ’ ಎಂದರೆ ಮಾಣಿಗೆ ಅರ್ಥವಾಗುತ್ತದೆ; ಇಂಗ್ಲೆಂಡಿನ ಹೋಟೆಲಿನಲ್ಲೂ ‘ಟೂ ಕಾಫೀಸ್’ ಸರಿಯೇ. ಅಲ್ಲಿ ಎಣಿಕೆಯಾಗುವುದು ಲೋಟ. ಅಡ್ವೈಸ್‌ಗೆ ಇಂಥ ರಿಯಾಯಿತಿ ಇಲ್ಲ, ‘ಎ ಪೀಸ್ ಆಫ್ ಅಡ್ವೈಸ್’ ಎಂದೇ ಹೇಳಬೇಕು. ಇಂಥ ಹತ್ತಿಪ್ಪತ್ತು ಪದಗಳನ್ನು ಮಾತ್ರ ನೆನಪಿಡಿ ಎಂದರೆ ಮಕ್ಕಳಿಗೂ ಭಾರವಾಗುವುದಿಲ್ಲ.

ಆರ್ಟಿಕಲ್‌ಗಳಿಗೆ ನಾನು ನೆಚ್ಚಿಕೊಂಡಿರುವುದು ಅಜ್ಜಿ ಹೇಳುವ ಕಥೆಯನ್ನು. ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ‘ಎ’, ‘ಆ್ಯನ್’ ಹುಟ್ಟಿದ್ದೇ ಒಂದು ಎಂಬರ್ಥದ ಹಳೆಯ ಪದದಿಂದ, ‘ದಿ’ ಬಂದದ್ದು ಆ ಎಂದು ತೋರಿಸುವ ಪದದಿಂದ. ನಮ್ಮಲ್ಲಿ ‘ಅನ್ನು’ ಪ್ರತ್ಯಯವೂ ಈ ಕೆಲಸಕ್ಕೆ ಕೈಜೋಡಿಸುತ್ತದೆ: ‘ಪುಸ್ತಕ ತಂದೆಯಾ?’ ಎಂದರೆ ಯಾವುದಾದರೂ ಆದೀತು, ‘ಪುಸ್ತಕವನ್ನು ತಂದೆಯಾ?’ ಎಂದರೆ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪುಸ್ತಕ. ಮನುಷ್ಯರ ವಿಷಯದಲ್ಲಿ ಈ ಸೂತ್ರ ನಡೆಯದು, ಹುಡುಗನನ್ನು ಯಾವಾಗಲೂ ‘ಅನ್ನು’ ಹಚ್ಚಿಯೇ ಕರೆಯಬೇಕು.

ಇಷ್ಟು ಚಿಕ್ಕ ‘ಎ’ ಇದ್ದರೇನು, ಬಿಟ್ಟರೇನು ಎನ್ನುವವರಿಗೆ ನಾನು 1969ರ ಜುಲೈ ತಿಂಗಳ ಚಂದ್ರನನ್ನು ತೋರಿಸುತ್ತೇನೆ. ನೀಲ್ ಆರ್ಮ್‌ಸ್ಟ್ರಾಂಗ್ ಹೇಳಬಯಸಿದ್ದು ಒಬ್ಬ ಮನುಷ್ಯನ ಪುಟ್ಟ ಹೆಜ್ಜೆ, ಮನುಕುಲದ ದೊಡ್ಡ ನೆಗೆತ ಎಂದು. ಭೂಮಿಗೆ ಕೇಳಿಸಿದ್ದರಲ್ಲಿ ‘ಮ್ಯಾನ್’ ಮುಂದಿನ ‘ಎ’ ಇರಲಿಲ್ಲ. ಆರ್ಟಿಕಲ್ ಇಲ್ಲದ ‘ಮ್ಯಾನ್’ ಎಂದರೂ ಮನುಕುಲವೇ. ಹೀಗಾಗಿ ವಾಕ್ಯದ ಎರಡು ಭಾಗಗಳೂ ಒಂದನ್ನೇ ಹೇಳಿದಂತಾಯಿತು. ಅವರು ‘ಎ’ ಉಚ್ಚರಿಸಿದ್ದರೋ ಇಲ್ಲವೋ ಎಂದು ಆ ಧ್ವನಿಮುದ್ರಣವನ್ನು ಎಷ್ಟೋ ಸಲ ಪರೀಕ್ಷಿಸಿದ್ದಾರೆ.

‘ಎ’, ‘ಆ್ಯನ್’ಗಳ ಆಯ್ಕೆ ಕಿವಿಗೆ ಬಿಟ್ಟದ್ದು: ಎ ಯೂನಿವರ್ಸಿಟಿ, ಆ್ಯನ್ ಎಂಎಲ್‌ಎ. ಎಗ್ ಅನ್ನು ‘ಯೆಗ್’ ಎನ್ನುವ ಬಾಯಿಗೆ ಮಾತ್ರ ಮೊದಲು ಉಚ್ಚಾರ ತಿದ್ದಬೇಕು.

ಕನ್ನಡದ ನೆರವು ಸಿಗದ ಜಾಗಗಳೂ ಇವೆ. ರೋಗಿಯಾಗಿ ಆಸ್ಪತ್ರೆಯಲ್ಲಿದ್ದರೆ ಬ್ರಿಟಿಷರು ‘ಇನ್ ಹಾಸ್ಪಿಟಲ್’ ಎಂದರೆ ಅಮೆರಿಕದವರು ‘ಇನ್ ದಿ ಹಾಸ್ಪಿಟಲ್’ ಎನ್ನುತ್ತಾರೆ. ಇಂಥವು ಓದಿ ಓದಿಯೇ ಬರಬೇಕು. ಅದಕ್ಕಾಗಿ ಇಂಗ್ಲಿಷ್ ದಿನಪತ್ರಿಕೆಯ ಒಂದು ಪ್ಯಾರಾದಿಂದ ಆರ್ಟಿಕಲ್‌ಗಳನ್ನೆಲ್ಲ ಅಳಿಸಿ, ಮಕ್ಕಳ ಕೈಗೆ ಕೊಟ್ಟು ತುಂಬಿಸುತ್ತೇನೆ, ಆಮೇಲೆ ಮೂಲದ ಜೊತೆ ಹೋಲಿಸಿ ನೋಡುತ್ತೇವೆ. ತಲೆಬರಹಗಳನ್ನು ಈ ಅಭ್ಯಾಸಕ್ಕೆ ತೆಗೆದುಕೊಳ್ಳುವುದಿಲ್ಲ. ಜಾಗ ಉಳಿಸಲು ಅಲ್ಲಿ ಆರ್ಟಿಕಲ್‌ಗಳನ್ನು ಬಿಟ್ಟೇ ಅಚ್ಚು ಹಾಕಿರುತ್ತಾರೆ.