ಬೆಳಕಿನ ಪರೀಕ್ಷೆ: ಶಸ್ತ್ರ ತಾಗಿಸದೆ ಅಂಗಾಂಶವನ್ನು ಅರಿಯುವ ವಿಧಾನ

ತೆಂಗು, ಅಡಿಕೆ ಬೆಳೆಯುವ ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಎಲೆಅಡಿಕೆಯ ಚೀಲವು ಅನೇಕ ಹಿರಿಯರ ನಿತ್ಯ ಸಂಗಾತಿ. ಶ್ರೀರಾಂಪುರದ ಆಸುಪಾಸಿನಲ್ಲಿಯೂ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಸವರುವುದು ಅಪರೂಪದ ನೋಟವಲ್ಲ. ಅದರೊಡನೆ ಹೊಗೆಸೊಪ್ಪು ಸೇರಿದರೆ ಕೆಲವರಿಗೆ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ವೈದ್ಯರು ‘ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳುಹಿಸೋಣ’ ಎಂದೊಡನೆ ರೋಗಿಯ ಎದೆ ನಡುಗುತ್ತದೆ. ‘ಕತ್ತರಿ ತಾಗಿದರೆ ಹುಣ್ಣು ಹರಡುತ್ತದೆ’ ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಶಸ್ತ್ರವಿಲ್ಲದೆ, ಕೇವಲ ಬೆಳಕಿನಿಂದ ಆ ಮಚ್ಚೆಯ ಸ್ವರೂಪವನ್ನು ತಿಳಿಯಲು ಸಾಧ್ಯವೇ?

ಬೆರಳಿಗೆ ಹಾಕಿದ ಪುಟ್ಟ ಯಂತ್ರ

ಇದಕ್ಕೆ ಉತ್ತರದ ಒಂದು ಭಾಗವನ್ನು ನಾವೆಲ್ಲರೂ ಕೊರೋನಾ ಕಾಲದಲ್ಲಿಯೇ ಕಂಡಿದ್ದೇವೆ. ಬೆರಳ ತುದಿಗೆ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ಬೆಳಕಿನಿಂದಲೇ ಕೆಲಸ ಮಾಡುವ ಯಂತ್ರ. ಅದರ ಒಂದು ಬದಿಯಿಂದ ಸುಮಾರು 660 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕೂ, ಕಣ್ಣಿಗೆ ಕಾಣದ ಸುಮಾರು 940 ನ್ಯಾನೊಮೀಟರಿನ ಅವಕೆಂಪು ಬೆಳಕೂ ಹೊರಟು ಬೆರಳನ್ನು ಹಾಯುತ್ತವೆ. ಆಮ್ಲಜನಕವನ್ನು ಹೊತ್ತ ರಕ್ತವು ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಅವಕೆಂಪನ್ನು ಹೆಚ್ಚು ಹೀರುತ್ತದೆ. ಆಮ್ಲಜನಕವಿಲ್ಲದ ರಕ್ತದಲ್ಲಿ ಇದು ತಿರುವುಮುರುವು. ಇವೆರಡರ ಪ್ರಮಾಣವನ್ನು ನಾಡಿಬಡಿತದೊಡನೆ ಹೋಲಿಸಿ ಯಂತ್ರವು ಅಂಕಿಯನ್ನು ತೋರಿಸುತ್ತದೆ. 1970ರ ದಶಕದ ಆರಂಭದಲ್ಲಿ ಜಪಾನಿನ ಟಕುವೊ ಅವೊಯಾಗಿ ಅವರು ಈ ತತ್ತ್ವವನ್ನು ರೂಪಿಸಿದರು. ಸೂಜಿಯಿಲ್ಲ, ನೋವಿಲ್ಲ, ಆದರೂ ರಕ್ತದ ಸುದ್ದಿ ತಿಳಿಯಿತು.

ಒಂದು ವಸ್ತು ಯಾವ ಬಣ್ಣದ ಬೆಳಕನ್ನು ಹೀರುತ್ತದೆ, ಯಾವುದನ್ನು ಚದುರಿಸುತ್ತದೆ, ಯಾವುದನ್ನು ಮರಳಿ ಹೊಮ್ಮಿಸುತ್ತದೆ ಎಂಬುದನ್ನು ಬಿಡಿಸಿ ನೋಡುವ ಈ ವಿದ್ಯೆಗೆ ರೋಹಿತದರ್ಶನ ಎಂದು ಹೆಸರು.

ರಾಮನ್ ಪರಿಣಾಮದಿಂದ ಮಣಿಪಾಲದವರೆಗೆ

ಈ ವಿದ್ಯೆಯ ಒಂದು ಮುಖ್ಯ ಶಾಖೆ ನಮ್ಮ ದೇಶದ್ದೇ. 1928ರ ಫೆಬ್ರುವರಿ 28ರಂದು ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಬೆಳಕಿನ ಒಂದು ಹೊಸ ಗುಣವನ್ನು ಕಂಡರು. ವಸ್ತುವಿಗೆ ತಾಗಿ ಚದುರುವ ಬೆಳಕಿನಲ್ಲಿ ಬಹುಪಾಲು ತನ್ನ ಬಣ್ಣವನ್ನೇ ಉಳಿಸಿಕೊಳ್ಳುತ್ತದೆ. ಸುಮಾರು ಕೋಟಿ ಕಣಗಳಲ್ಲಿ ಒಂದು ಮಾತ್ರ ಅಣುವಿನ ಕಂಪನದೊಡನೆ ಶಕ್ತಿಯನ್ನು ಹಂಚಿಕೊಂಡು ಬಣ್ಣ ಬದಲಿಸುತ್ತದೆ. ಆ ಬದಲಾವಣೆಯು ಪ್ರತಿ ಅಣುವಿಗೂ ಬೇರೆಯಾದುದರಿಂದ ಅದು ಅಣುವಿನ ಬೆರಳಚ್ಚಿನಂತೆ. 1930ರಲ್ಲಿ ನೊಬೆಲ್ ಪಡೆದ ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ಕಡೆಯವರೆಗೂ ಕರ್ನಾಟಕದಲ್ಲಿಯೇ ನೆಲೆಸಿದರು.

ಆ ಬೆರಳಚ್ಚನ್ನು ಬಾಯಿಯ ಅಂಗಾಂಶದಲ್ಲಿ ಓದುವ ಯತ್ನ ನಮ್ಮ ರಾಜ್ಯದ ಮಣಿಪಾಲದಲ್ಲಿ ನಡೆಯಿತು. ಅಲ್ಲಿನ ಸಂಶೋಧಕರು ರೋಗಿಗಳಿಂದ ಮೊದಲೇ ತೆಗೆದಿದ್ದ ಅಂಗಾಂಶದ ಚೂರುಗಳ ಮೇಲೆ ಲೇಸರ್ ಬೆಳಕನ್ನು ಹಾಯಿಸಿ, ಆರೋಗ್ಯವಂತ ಮತ್ತು ಕ್ಯಾನ್ಸರ್ ತಗುಲಿದ ಅಂಗಾಂಶಗಳ ರೋಹಿತಗಳು ಬೇರೆಬೇರೆಯಾಗಿರುವುದನ್ನು 2001ರಲ್ಲಿ ಪ್ರಕಟಿಸಿದರು. ಆರೋಗ್ಯವಂತ ಅಂಗಾಂಶದಲ್ಲಿ ಕೊಬ್ಬಿನ ಗುರುತುಗಳು ಎದ್ದು ಕಂಡರೆ, ಗಡ್ಡೆಯ ಅಂಗಾಂಶದಲ್ಲಿ ಪ್ರೋಟೀನಿನ ಗುರುತುಗಳು ಮೇಲುಗೈ ಪಡೆಯುತ್ತವೆ. ಮುಂದೆ ನವಿ ಮುಂಬಯಿಯ ಟಾಟಾ ಸ್ಮಾರಕ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಒಂದು ಹೆಜ್ಜೆ ಮುಂದಿಟ್ಟು, ಸಣ್ಣ ಸಲಾಕೆಯಂತಹ ಉಪಕರಣವನ್ನು ರೋಗಿಯ ಬಾಯಿಯಲ್ಲಿಯೇ ಇರಿಸಿ ಜೀವಂತ ಅಂಗಾಂಶದ ರೋಹಿತವನ್ನು ಪಡೆಯಲಾಯಿತು. ಕ್ಯಾನ್ಸರಿಗೆ ಮುನ್ನಿನ ಮಚ್ಚೆಗಳನ್ನೂ ಹೀಗೆ ಗುರುತಿಸುವ ಸಾಧ್ಯತೆ ಅಲ್ಲಿ ಕಂಡುಬಂದಿತು.

ಮಿತಿಗಳೂ ಉಂಟು

ಇಷ್ಟರಿಂದಲೇ ಕತ್ತರಿಯ ಕಾಲ ಮುಗಿಯಿತೆಂದು ಭಾವಿಸಲಾಗದು. ರಾಮನ್ ಬೆಳಕು ಅತಿ ಕ್ಷೀಣವಾದುದರಿಂದ ಅದನ್ನು ಹಿಡಿಯಲು ಸೂಕ್ಷ್ಮವಾದ, ದುಬಾರಿಯಾದ ಯಂತ್ರ ಬೇಕು. ಬೆಳಕು ಅಂಗಾಂಶದಲ್ಲಿ ಬಹು ಆಳಕ್ಕೆ ಇಳಿಯಲಾರದು. ಉರಿಯೂತ, ರಕ್ತಸ್ರಾವಗಳು ಓದಿಕೆಯನ್ನು ಕೆಡಿಸಬಹುದು. ಆಕ್ಸಿಮೀಟರಿಗೂ ಇಂತಹ ಮಿತಿಗಳಿವೆ: ಉಗುರಿನ ಬಣ್ಣ, ತಣ್ಣಗಾದ ಬೆರಳು ಅಂಕಿಯನ್ನು ತಪ್ಪಿಸುತ್ತವೆ, ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆದುದರಿಂದ ಬೆಳಕಿನ ಪರೀಕ್ಷೆಯು ಚೂರನ್ನು ಎಲ್ಲಿಂದ ತೆಗೆಯಬೇಕು, ಯಾರಿಗೆ ತೆಗೆಯಬೇಕು ಎಂದು ತೋರಿಸುವ ದಾರಿದೀಪವಾಗಬಲ್ಲದು. ಅಂತಿಮ ತೀರ್ಪನ್ನು ಇಂದಿಗೂ ಅಂಗಾಂಶ ಪರೀಕ್ಷೆಯೇ ನೀಡಬೇಕು. ಹೊಸ ಯಂತ್ರ ಊರಿಗೆ ಬರಲೆಂದು ಕಾಯುವುದಾಗಲಿ, ಶಸ್ತ್ರದ ಭಯದಿಂದ ಮುಂದೂಡುವುದಾಗಲಿ ಸರಿಯಲ್ಲ. ಹರಡಲು ಅವಕಾಶ ಕೊಡುವುದು ಕತ್ತರಿಯಲ್ಲ, ತಡ.

ನಮ್ಮ ಕೈಯಲ್ಲಿರುವ ಬೆಳಕು

ಎಲ್ಲರ ಮನೆಯಲ್ಲಿಯೂ ಇರುವ ಟಾರ್ಚು ಕೂಡ ಒಂದು ಉಪಕರಣವೇ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬೆಳಕು ಹಿಡಿದು ಬಾಯಿ ನೋಡುವ ಕ್ರಮವನ್ನು ಹಲವು ವರ್ಷ ನಡೆಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಇದರಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿದುದು 2005ರಲ್ಲಿ ಪ್ರಕಟವಾಯಿತು.

ಆದುದರಿಂದ ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಟಾರ್ಚು ಹಿಡಿದು ತುಟಿಯ ಒಳಬದಿ, ಎರಡೂ ಕೆನ್ನೆ, ವಸಡು, ನಾಲಗೆಯ ಅಂಚು ಮತ್ತು ತಳಭಾಗಗಳನ್ನು ನೋಡಿಕೊಳ್ಳಿರಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಬಿಗಿತ ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿರಿ. 30 ವರ್ಷ ಮೀರಿದವರಿಗೆ ಬಾಯಿ ತಪಾಸಣೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ.

ಇನ್ನೊಂದು ಮಾತು ಅಡಿಕೆ ಬೆಳೆಗಾರರಾದ ನಮಗೆ ಕಹಿಯಾದರೂ ಹೇಳಬೇಕಾದುದೇ. ಹೊಗೆಸೊಪ್ಪು ಸೇರಿಸದೆ ಅಗಿಯುವ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ವರದಿಯಲ್ಲಿ ತಿಳಿಸಿದೆ. ಅಗಿಯುವ ಅಭ್ಯಾಸವುಳ್ಳವರು ಅದನ್ನು ಇಂದೇ ಬಿಡುವುದು ಲೇಸು. ಬಿಟ್ಟವರೂ ಕೆಲವು ವರ್ಷ ಬಾಯಿಯನ್ನು ನೋಡಿಕೊಳ್ಳುತ್ತಿರಬೇಕು.